ಲಿವರ್ ಕಸಿಗೆ ಜೀನ್ ಟೆಸ್ಟ್: ಯಾರ ರಕ್ತ, ಯಾವ ಮಾತ್ರೆಗೆ?

ಲಿವರ್ ಕಸಿಯಾಗಿ ಎಂಟು ತಿಂಗಳಾಗಿದ್ದ ಒಬ್ಬರು ಓಪಿಡಿಗೆ ಬಂದವರು ಪ್ಲಾಸ್ಟಿಕ್ ಫೈಲಿನಿಂದ ಬಣ್ಣಬಣ್ಣದ ರಿಪೋರ್ಟೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ನಾಲ್ಕು ವರ್ಷದ ಹಿಂದೆ ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡಾಗ ಮಾಡಿಸಿದ್ದಂತೆ. ಸಿವೈಪಿ2ಸಿ19 ಎಂಬ ಕಿಣ್ವದ ಸಾಲಿನಲ್ಲಿ ಕೆಂಪು ಚುಕ್ಕೆ: ರಕ್ತ ಹೆಪ್ಪುಗಟ್ಟದಂತೆ ಕೊಡುವ ಕ್ಲೋಪಿಡೋಗ್ರೆಲ್ ಮಾತ್ರೆ ಇವರಿಗೆ ಸರಿಯಾಗಿ ಕೆಲಸ ಮಾಡುವುದಿಲ್ಲ. "ಇದನ್ನೂ ಫೈಲಿಗೆ ಸೇರಿಸಿಬಿಡಿ ಸಾರ್, ಮುಂದೆ ಯಾರಾದ್ರೂ ಗೊತ್ತಿಲ್ದೆ ಬರೆದುಬಿಟ್ಟಾರು" ಅಂದರು. ನಾನು ಹೇಳಿದೆ, "ರಿಪೋರ್ಟ್ ಸರಿಯಾಗೇ ಇದೆ. ಆದ್ರೆ ಆ ಕಿಣ್ವ ಇದ್ದ ಲಿವರ್ ಈಗ ನಿಮ್ಮ ಹತ್ರ ಇಲ್ವಲ್ಲ." ಪಕ್ಕದಲ್ಲಿ ಕೂತಿದ್ದ ಹೆಂಡತಿ, ಲಿವರಿನ ಭಾಗ ಕೊಟ್ಟವರು, ಜೋರಾಗಿ ನಕ್ಕರು: "ಅಂದ್ರೆ ಇನ್ಮೇಲೆ ಇವರ ಮಾತ್ರೆ ಅರಗಿಸೋದೂ ನಾನೇನಾ?"

ಹೌದು, ಅವರೇ. ನಾನು ಬೆಂಗಳೂರಿನ ಒಂದು ಆಸ್ಪತ್ರೆಯ ಕಸಿ ವಾರ್ಡಿನಲ್ಲಿ ಕ್ಲಿನಿಕಲ್ ಫಾರ್ಮಸಿಸ್ಟ್. ಡಾಕ್ಟರಲ್ಲ, ಡೋಸ್ ಬದಲಿಸುವ ಅಧಿಕಾರ ನನಗಿಲ್ಲ, ಇದನ್ನು ಓದಿ ನೀವೂ ಬದಲಿಸಬೇಡಿ. ಆದರೆ "ಜೀನ್ ಟೆಸ್ಟ್ ಮಾಡಿಸ್ಬೇಕಾ?" ಎಂಬ ಪ್ರಶ್ನೆ ದಿನಬಿಟ್ಟು ದಿನ ನನ್ನ ಕಿಟಕಿಗೆ ಬರುತ್ತದೆ. ಕಿಡ್ನಿ ಕಸಿಯವರಿಗೆ ಉತ್ತರ ಹೇಳುವುದು ಸುಲಭ. ಲಿವರಿನವರಿಗೆ ಉತ್ತರಿಸುವ ಮೊದಲು ನಾನೇ ಎರಡು ಪ್ರಶ್ನೆ ಕೇಳಬೇಕಾಗುತ್ತದೆ: ಯಾರ ಜೀನು, ಯಾವ ಮಾತ್ರೆಗೆ?

ಎಲ್ಲ ಗಲಾಟೆಯ ಮೂಲ: ಟ್ಯಾಕ್ರೋಲಿಮಸ್

ಹೊಸ ಅಂಗವನ್ನು ದೇಹ ತಿರಸ್ಕರಿಸದಂತೆ ಕೊಡುವ, ವಾರ್ಡಿನಲ್ಲಿ ಎಲ್ಲರೂ 'ಟ್ಯಾಕ್ರೋ' ಅನ್ನುವ ಈ ಔಷಧ ಮೊದಲು ಸಿಕ್ಕಿದ್ದು 1984ರಲ್ಲಿ, ಜಪಾನಿನ ಟ್ಸುಕುಬಾದ ಮಣ್ಣಿನಲ್ಲಿದ್ದ ಬ್ಯಾಕ್ಟೀರಿಯಾದಿಂದ. 1989ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಥಾಮಸ್ ಸ್ಟಾರ್ಜಲ್ ತಂಡ ಇದನ್ನು ಲಿವರ್ ಕಸಿಯಾದವರಿಗೆ ಕೊಡಲು ಶುರುಮಾಡಿತು. 1994ರಲ್ಲಿ ಅಲ್ಲಿ ಅನುಮತಿಯೂ ಸಿಕ್ಕಿತು. ಈಗ ನಮ್ಮ ಬೆಂಗಳೂರಿನ ಬಯೋಕಾನ್ ಕೂಡ ಇದನ್ನು ತಯಾರಿಸುತ್ತದೆ.

ಟ್ಯಾಕ್ರೋದ ಕಷ್ಟ ಏನೆಂದರೆ ಅದರ ಹದ ಬಹಳ ಕಿರಿದು. ರಕ್ತದಲ್ಲಿ ಕಡಿಮೆಯಾದರೆ ದೇಹ ಹೊಸ ಲಿವರಿನ ಮೇಲೆ ತಿರುಗಿಬೀಳುತ್ತದೆ. ಹೆಚ್ಚಾದರೆ ಕಿಡ್ನಿಗೆ ಪೆಟ್ಟಾಗಿ ಕ್ರಿಯಾಟಿನಿನ್ ಏರುತ್ತದೆ, ಬಿಪಿ ಮತ್ತು ಸಕ್ಕರೆ ಹೆಚ್ಚುತ್ತವೆ, ಕೈ ನಡುಗುತ್ತದೆ. ಬ್ಯಾಂಕಿನಲ್ಲಿ ಸಹಿ ಹೊಂದದೆ ವಾಪಸ್ ಬಂದ ನಿವೃತ್ತ ಮೇಷ್ಟ್ರೊಬ್ಬರು ನನಗೆ ಗೊತ್ತು.

ಈ ಔಷಧವನ್ನು ಒಡೆಯುವ ಕೆಲಸ ಸಿವೈಪಿ3ಎ4 ಮತ್ತು ಸಿವೈಪಿ3ಎ5 ಎಂಬ ಎರಡು ಕಿಣ್ವಗಳದ್ದು. ಮೊದಲನೆಯದು ಎಲ್ಲರಲ್ಲೂ ಇರುತ್ತದೆ. ಎರಡನೆಯದು ಕೆಲವರಲ್ಲಿ ಇರುತ್ತದೆ, ಕೆಲವರಲ್ಲಿ ಇರುವುದೇ ಇಲ್ಲ ಎನ್ನಬಹುದು. ಕಾರಣ ಒಂದೇ ಒಂದು ಅಕ್ಷರ: ಜೀನಿನೊಳಗೆ ಎ ಇರಬೇಕಾದ ಒಂದು ಜಾಗದಲ್ಲಿ ಜಿ ಬಂದರೆ ಸಂದೇಶ ಹೊಲಿಯುವಾಗ ತಪ್ಪಾಗಿ, ಕಿಣ್ವ ತಯಾರಾಗುವುದು ನಿಂತುಹೋಗುತ್ತದೆ. ಹೀಗೆ ಕೆಟ್ಟ ಪ್ರತಿಗೆ ಸ್ಟಾರ್ 3 ಎಂದೂ ಕೆಲಸ ಮಾಡುವ ಪ್ರತಿಗೆ ಸ್ಟಾರ್ 1 ಎಂದೂ ಹೆಸರು. ಅಪ್ಪನಿಂದ ಒಂದು, ಅಮ್ಮನಿಂದ ಒಂದು ಪ್ರತಿ ಬರುತ್ತದೆ. ಒಂದಾದರೂ ಸ್ಟಾರ್ 1 ಇದ್ದರೆ ಕಿಣ್ವ ಇರುತ್ತದೆ, ಟ್ಯಾಕ್ರೋ ಬೇಗ ಕರಗುತ್ತದೆ, ಹೆಚ್ಚು ಡೋಸ್ ಬೇಕಾಗುತ್ತದೆ.

'ಕೆಟ್ಟ' ಅಂದೆ, ಅದು ಬರೀ ಮಾತಿಗೆ. ಯುರೋಪ್ ಮೂಲದವರಲ್ಲಿ ಬಹುಪಾಲು ಜನಕ್ಕೆ ಎರಡೂ ಪ್ರತಿ ಸ್ಟಾರ್ 3 ಇದ್ದು ಏನೂ ತೊಂದರೆಯಿಲ್ಲದೆ ಬದುಕಿದ್ದಾರೆ. ಆಫ್ರಿಕಾ ಮೂಲದವರಲ್ಲಿ ಹೆಚ್ಚಿನವರಿಗೆ ಕಿಣ್ವ ಇರುತ್ತದೆ. ನಾವು ಭಾರತದವರು ನಡುವೆ, ಸುಮಾರು ಅರ್ಧಕ್ಕರ್ಧ. ಟ್ಯಾಕ್ರೋದ ಮಾಮೂಲಿ ಡೋಸ್ ನಿಗದಿಯಾದದ್ದು ಅಮೆರಿಕ, ಯುರೋಪಿನ ದೊಡ್ಡ ಪ್ರಯೋಗಗಳಲ್ಲಿ. ಹಾಗಾಗಿ ನಮ್ಮವರಲ್ಲಿ ಈ ಪ್ರಶ್ನೆ ಏಳುವುದು ಸಹಜ.

ಒಂದನೇ ದಾರಿ: ಜೀನ್ ಟೆಸ್ಟ್ ಬೇಡ, ಲೆವೆಲ್ ಸಾಕು

ಹೆಚ್ಚಿನ ಕಡೆ ನಡೆಯುವುದು ಇದೇ, ನನ್ನ ಮೊದಲ ಮತವೂ ಇದಕ್ಕೇ. ತೂಕ ನೋಡಿ ಡೋಸ್ ಶುರುಮಾಡುತ್ತಾರೆ, ಬೆಳಗಿನ ಮಾತ್ರೆಗೆ ಮುಂಚೆ ರಕ್ತ ತೆಗೆದು ಟ್ಯಾಕ್ರೋ ಲೆವೆಲ್ ನೋಡುತ್ತಾರೆ, ಅದರಂತೆ ಏರಿಸುತ್ತಾರೆ ಅಥವಾ ಇಳಿಸುತ್ತಾರೆ. ಮೊದಲ ತಿಂಗಳು ಸಾಮಾನ್ಯವಾಗಿ ಮಿಲಿಲೀಟರ್ ರಕ್ತಕ್ಕೆ 6ರಿಂದ 10 ನ್ಯಾನೋಗ್ರಾಂ ಇರಲಿ ಎಂದು ನೋಡುತ್ತಾರೆ, ಆಮೇಲೆ ನಿಧಾನಕ್ಕೆ ತಗ್ಗಿಸುತ್ತಾರೆ.

ಈ ದಾರಿಯ ಬಲ ಏನೆಂದರೆ, ಡೋಸನ್ನು ಏರುಪೇರು ಮಾಡುವ ಎಲ್ಲವೂ ಆ ಒಂದು ಸಂಖ್ಯೆಯೊಳಗೆ ಬಂದಿರುತ್ತದೆ. ಜೀನ್ ಅದರಲ್ಲಿ ಒಂದು ಮಾತ್ರ. ದಾನಿಯಿಂದ ಬಂದದ್ದು ಬಲ ಹಾಲೆಯಾದರೆ ಅದು ಇಡೀ ಲಿವರಿನಲ್ಲಿ ನೂರಕ್ಕೆ ಸುಮಾರು 60 ಭಾಗ; ಬೆಳೆದು ತುಂಬಿಕೊಳ್ಳುವವರೆಗೆ ಔಷಧ ಒಡೆಯುವ ಶಕ್ತಿಯೂ ಕಡಿಮೆ. ಭೇದಿಯಾದರೆ ಟ್ಯಾಕ್ರೋ ಏರುತ್ತದೆ (ಇಳಿಯುತ್ತದೆ ಅಂತಲೇ ಎಲ್ಲರೂ ಅಂದುಕೊಳ್ಳುತ್ತಾರೆ). ಫಂಗಸ್ಸಿಗೆ ಕೊಡುವ ವೋರಿಕೊನಜೋಲ್ ಶುರುವಾದರೆ ಟ್ಯಾಕ್ರೋವನ್ನು ಮೂರನೇ ಒಂದು ಭಾಗಕ್ಕೆ ಇಳಿಸಬೇಕು. ಟಿಬಿಗೆ ರಿಫಾಂಪಿಸಿನ್ ಕೊಟ್ಟರೆ ಲೆವೆಲ್ ನೆಲಕಚ್ಚುತ್ತದೆ. ಇವುಗಳ ಮುಂದೆ ಸ್ಟಾರ್ 1, ಸ್ಟಾರ್ 3 ವ್ಯತ್ಯಾಸ ಚಿಕ್ಕದಾಗಿ ಕಾಣುತ್ತದೆ. ನಮ್ಮೂರಿನ ವಿಷಯ ಒಂದು ಹೇಳಿಬಿಡುತ್ತೇನೆ: ದ್ರಾಕ್ಷಿಹಣ್ಣಿನ ಹೆಸರಿಟ್ಟುಕೊಂಡ ವಿದೇಶಿ ಗ್ರೇಪ್‌ಫ್ರೂಟ್ ಬೇಡ ಎಂದು ಕರಪತ್ರದಲ್ಲಿ ಬರೆದಿರುತ್ತದೆ. ಅದನ್ನು ನಮ್ಮಲ್ಲಿ ಯಾರೂ ತಿನ್ನುವುದಿಲ್ಲ, ಹಾಗಾಗಿ ಯಾರೂ ಓದುವುದಿಲ್ಲ. ಅದರ ಹತ್ತಿರದ ಸಂಬಂಧಿ ಚಕ್ಕೋತ, ಅದೇ ದೇವನಹಳ್ಳಿ ಚಕ್ಕೋತ. ಕರುಳಿನ ಸಿವೈಪಿ3ಎ ಕಿಣ್ವವನ್ನು ಕೂರಿಸಿಬಿಡುವ ವಸ್ತು ಇದರಲ್ಲೂ ಇದೆ. ಗೌರಿ ಹಬ್ಬಕ್ಕೆ ನೆಂಟರು ತಂದರೆ ನೋಡಿ ಸಂತೋಷಪಡಿ, ತಿನ್ನಬೇಡಿ.

ಲೆವೆಲ್ ದಾರಿಯ ದೌರ್ಬಲ್ಯ ಎರಡು. ಒಂದು, ಅದು ಹಿಂದಿನಿಂದ ಬರುತ್ತದೆ: ಡೋಸ್ ಬದಲಿಸಿದ ಮೇಲೆ ಲೆವೆಲ್ ನೆಲೆಗೊಳ್ಳಲು ಎರಡು-ಮೂರು ದಿನ ಬೇಕು, ಮೊದಲ ವಾರ ಹೀಗೆ ತಡಕಾಡುವುದರಲ್ಲೇ ಕಳೆಯುತ್ತದೆ. ಇನ್ನೊಂದು, ಸ್ಯಾಂಪಲ್ ತೆಗೆಯುವ ಹೊತ್ತು ತಪ್ಪಿದರೆ ಎಲ್ಲ ತಪ್ಪು. ಒಂದು ಬೆಳಿಗ್ಗೆ ಎಂಟೂಕಾಲಿಗೆ ರಕ್ತ ತೆಗೆಯಲು ಬಂದ ಹುಡುಗನ ಜೊತೆ ನಾನೂ ಇದ್ದೆ. "ಅಜ್ಜೀ, ಮಾತ್ರೆ ತಗೊಂಡಿಲ್ಲ ತಾನೆ?" ಎಂದು ಕೇಳಿದೆ. "ಅಯ್ಯೋ, ನೀವು ಬರೋದು ಲೇಟಾಗತ್ತೆ ಅಂತ ಏಳಕ್ಕೇ ನುಂಗಿದೆ ಕಣಪ್ಪ, ಕಾಫಿ ಜೊತೆ" ಅಂದರು. ಆ ಸ್ಯಾಂಪಲ್ ತೆಗೆದಿದ್ದರೆ ಸಂಖ್ಯೆ ಎಲ್ಲೋ ಹೋಗಿರುತ್ತಿತ್ತು, ರೌಂಡ್ಸಿಗೆ ಬಂದ ಡಾಕ್ಟರ್ ಅದನ್ನು ನೋಡಿ ಡೋಸ್ ಇಳಿಸಿರುತ್ತಿದ್ದರು, ಎರಡು ದಿನದಲ್ಲಿ ಲಿವರಿಗೆ ಪೆಟ್ಟಾದದ್ದನ್ನು ತೋರಿಸುವ ಎಲ್‌ಎಫ್‌ಟಿ ಏರಿರುತ್ತಿತ್ತು. ಈ ತಪ್ಪನ್ನು ಯಾವ ಜೀನ್ ಟೆಸ್ಟೂ ಹಿಡಿಯುವುದಿಲ್ಲ. ರಾತ್ರಿ ಎಂಟಕ್ಕೆ ತಗೊಂಡರೆ ಬೆಳಿಗ್ಗೆ ಎಂಟಕ್ಕೆ ರಕ್ತ, ಆಮೇಲೆ ಮಾತ್ರೆ, ಆಮೇಲೆ ಕಾಫಿ. ಈ ಕ್ರಮ ಗೋಡೆಗೆ ಅಂಟಿಸಿಡಿ.

ಎರಡನೇ ದಾರಿ: ಪಡೆಯುವವರ ಜೀನ್ ಮಾತ್ರ

ಕಿಡ್ನಿ ಕಸಿಯಲ್ಲಿ ಇದು ಸಾಕು. ಕರುಳೂ ರೋಗಿಯದೇ, ಲಿವರೂ ರೋಗಿಯದೇ. ಲಿವರ್ ಕಸಿಯಲ್ಲಿ ಇದರಿಂದ ಅರ್ಧ ಉತ್ತರ ಮಾತ್ರ ಸಿಗುತ್ತದೆ, ಅದೂ ಕರುಳಿನ ಅರ್ಧ. ನುಂಗಿದ ಟ್ಯಾಕ್ರೋದಲ್ಲಿ ಒಂದಷ್ಟನ್ನು ಕರುಳಿನ ಗೋಡೆಯಲ್ಲಿರುವ ಕಿಣ್ವವೇ ಮುಗಿಸಿಬಿಡುತ್ತದೆ. ಹೊಸ ಲಿವರ್ ಇನ್ನೂ ಸುಧಾರಿಸಿಕೊಳ್ಳುತ್ತಿರುವ ಮೊದಲ ದಿನಗಳಲ್ಲಿ ಇದರ ಪಾಲು ಎದ್ದು ಕಾಣುತ್ತದೆ. ಆದರೆ ಈ ಒಂದೇ ರಿಪೋರ್ಟ್ ಇಟ್ಟುಕೊಂಡು ಡೋಸ್ ದುಪ್ಪಟ್ಟು ಮಾಡುವುದು ಕಿಡ್ನಿಯ ಲೆಕ್ಕವನ್ನು ಲಿವರಿಗೆ ಹಚ್ಚಿದ ಹಾಗೆ. ಟ್ಯಾಕ್ರೋಗಾಗಿ ಇದೊಂದನ್ನೇ ಮಾಡಿಸಲು ನಾನು ಹೇಳುವುದಿಲ್ಲ.

ಮೂರನೇ ದಾರಿ: ದಾನಿಯ ಜೀನ್ ಮಾತ್ರ

ವಾರಗಳು ಕಳೆದಂತೆ ಹೊಸ ಲಿವರಿನ ಪಾಲು ಹೆಚ್ಚುತ್ತ ಹೋಗುತ್ತದೆ, ಆಗ ದಾನಿಯ ಜೀನೇ ಮುಖ್ಯ. ಜೀವಂತ ದಾನಿಯಾದರೆ ಅವರ ರಕ್ತ ಹೇಗೂ ಹತ್ತಾರು ಟೆಸ್ಟಿಗೆ ಹೋಗುತ್ತದೆ, ಇನ್ನೊಂದು ಟ್ಯೂಬ್ ಕಷ್ಟವಲ್ಲ. ಮಿದುಳು ನಿಷ್ಕ್ರಿಯಗೊಂಡವರಿಂದ ಬರುವ ಲಿವರಿನದು ಬೇರೆ ಕಥೆ. ಕರ್ನಾಟಕದಲ್ಲಿ ದಾನದ ಅಂಗಗಳನ್ನು ಹಂಚುವ ಜೀವಸಾರ್ಥಕತೆ ಸಂಸ್ಥೆಯ ಪಟ್ಟಿಯಲ್ಲಿ ಹೆಸರಿದ್ದವರಿಗೆ ನಡುರಾತ್ರಿ ಫೋನ್ ಬಂದರೆ ಕೈಯಲ್ಲಿರುವುದು ಗಂಟೆಗಳು. ಜೀನ್ ರಿಪೋರ್ಟಿಗೆ ಬೇಕಾಗುವುದು ದಿನಗಳು. ಆಮೇಲೆ ಬಂದ ರಿಪೋರ್ಟಿಗೆ ಅಷ್ಟರೊಳಗೆ ಐದಾರು ಲೆವೆಲ್‌ಗಳು ಉತ್ತರ ಕೊಟ್ಟಾಗಿರುತ್ತದೆ. ಅವರಿಗೆ ಟ್ಯಾಕ್ರೋ ಮಟ್ಟಿಗೆ ಒಂದನೇ ದಾರಿಯೇ ಗಟ್ಟಿ.

ನಾಲ್ಕನೇ ದಾರಿ: ಇಬ್ಬರದ್ದೂ

ಲಿವರ್ ಕಸಿಯಲ್ಲಿ ಟ್ಯಾಕ್ರೋಗೆ ಜೀನ್ ಟೆಸ್ಟ್ ಎಂದರೆ ಅರ್ಥವಿರುವುದು ಇದೊಂದಕ್ಕೇ. ಇಬ್ಬರಲ್ಲೂ ಕಿಣ್ವ ಇದ್ದರೆ ಡೋಸ್ ಹೆಚ್ಚು ಬೇಕು, ಇಬ್ಬರಲ್ಲೂ ಇಲ್ಲದಿದ್ದರೆ ಕಡಿಮೆ ಸಾಕು. ರೋಗಿಯ ಕರುಳಿನಲ್ಲಿ ಇದ್ದು ದಾನಿಯ ಲಿವರಿನಲ್ಲಿ ಇಲ್ಲದಿದ್ದರೆ ಶುರುವಿನಲ್ಲಿ ಲೆವೆಲ್ ಏರಿಸಲು ಒದ್ದಾಡಬೇಕಾದೀತು. ಇದಕ್ಕೆ ತಿರುಗುಮುರುಗು, ಅಂದರೆ ಲಿವರಿನಲ್ಲಿ ಇದ್ದು ಕರುಳಿನಲ್ಲಿ ಇಲ್ಲದ ಜೋಡಿಯೇ ನನಗೆ ಹೆಚ್ಚು ಯೋಚನೆಯದು: ಆಸ್ಪತ್ರೆಯಲ್ಲಿದ್ದಾಗ ಲೆವೆಲ್ ಚೆನ್ನಾಗಿರುತ್ತದೆ, ಡಿಸ್ಚಾರ್ಜ್ ಆಗಿ ಊರಿಗೆ ಹೋದ ಮೇಲೆ, ಲಿವರ್ ಚೇತರಿಸಿಕೊಂಡಂತೆಲ್ಲ, ಅದೇ ಡೋಸಿಗೆ ಲೆವೆಲ್ ಜಾರತೊಡಗುತ್ತದೆ. ಶಿರಸಿಗೋ ಬೀದರಿಗೋ ಹೋದವರು "ಹುಷಾರಾಗಿದೀನಲ್ಲ" ಎಂದು ಒಂದು ಲೆವೆಲ್ ತಪ್ಪಿಸುವುದೂ ಆಗಲೇ.

ಔಷಧ ಮತ್ತು ಜೀನಿನ ನಂಟಿನ ಬಗ್ಗೆ ಸಲಹೆ ಕೊಡುವ ಸಿಪಿಐಸಿ ಎಂಬ ಅಂತರರಾಷ್ಟ್ರೀಯ ತಜ್ಞರ ಕೂಟ 2015ರಲ್ಲಿ ಹೇಳಿದ್ದಿಷ್ಟು: ಕಿಣ್ವ ಇರುವವರಿಗೆ ಮೊದಲ ಡೋಸ್ ಮಾಮೂಲಿಗಿಂತ ಒಂದೂವರೆಯಿಂದ ಎರಡು ಪಟ್ಟು ಇರಲಿ, ದಿನಕ್ಕೆ ಕೆಜಿಗೆ 0.3 ಮಿಲಿಗ್ರಾಂ ದಾಟದಿರಲಿ. 60 ಕೆಜಿಯ ಮನುಷ್ಯನಿಗೆ ಕೆಜಿಗೆ 0.1ರ ಲೆಕ್ಕದಲ್ಲಿ ದಿನಕ್ಕೆ 6 ಮಿಲಿಗ್ರಾಂ ಎಂದಿಟ್ಟುಕೊಂಡರೆ, ಇದು 9ರಿಂದ 12 ಆಗುತ್ತದೆ. ಆದರೆ ಲಿವರ್ ಕಸಿಗೆ ಒಂದು ಷರತ್ತು ಇದೆ: ದಾನಿಯದ್ದೂ ಪಡೆದವರದ್ದೂ ಜೀನ್ ಒಂದೇ ಥರ ಇದ್ದಾಗ ಮಾತ್ರ ಈ ಲೆಕ್ಕ. ಬೇರೆಬೇರೆ ಇದ್ದರೆ ಸೂತ್ರ ಇಲ್ಲ, ಮತ್ತೆ ಲೆವೆಲ್ಲೇ ಗತಿ. ಟೆಸ್ಟ್ ಮಾಡಿಸಲೇಬೇಕು ಎಂದೂ ಆ ಕೂಟ ಹೇಳುವುದಿಲ್ಲ. ರಿಪೋರ್ಟ್ ಕೈಯಲ್ಲಿದ್ದರೆ ಏನು ಮಾಡಬಹುದು ಎಂದಷ್ಟೇ ಹೇಳುತ್ತದೆ.

ಇದರಿಂದ ಲಾಭ ಎಷ್ಟು? ಫ್ರಾನ್ಸಿನಲ್ಲಿ 280 ಕಿಡ್ನಿ ಕಸಿ ರೋಗಿಗಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಜೀನ್ ನೋಡಿ ಡೋಸ್ ಕೊಟ್ಟವರಲ್ಲಿ ನೂರಕ್ಕೆ 43 ಜನ ಶುರುವಿನಲ್ಲೇ ಗುರಿಯೊಳಗೆ ಬಂದರು, ಮಾಮೂಲಿ ಡೋಸಿನವರಲ್ಲಿ 29. ಚೆನ್ನಾಗಿದೆ. ಆದರೆ ರಿಜೆಕ್ಷನ್, ಅಂದರೆ ದೇಹ ಹೊಸ ಅಂಗದ ಮೇಲೆ ತಿರುಗಿಬೀಳುವುದು, ಎರಡೂ ಗುಂಪಿನಲ್ಲಿ ಬೇರೆಯಾಗಲಿಲ್ಲ. ಕಿಡ್ನಿಯಲ್ಲೇ ಹೀಗೆ, ಎರಡು ದೇಹ ಬೆರೆತ ಲಿವರಿನಲ್ಲಿ ಇದಕ್ಕಿಂತ ದೊಡ್ಡ ಭರವಸೆ ಕೊಡುವವರನ್ನು ಕಂಡರೆ ನಾನು ಸ್ವಲ್ಪ ದೂರ ನಿಲ್ಲುತ್ತೇನೆ.

ಹಾಗಾಗಿ ನಾಲ್ಕನೇ ದಾರಿಗೆ ನನ್ನದು ಅರೆಮನಸ್ಸಿನ ಹೂಂ. ದಾನಿ ಮನೆಯವರೇ ಆಗಿದ್ದು, ಆಪರೇಷನ್ ತಾರೀಕು ಮೊದಲೇ ಗೊತ್ತಿದ್ದು, ರಿಪೋರ್ಟ್ ಅದಕ್ಕಿಂತ ಮುಂಚೆ ಬರುವಂತಿದ್ದು, ಎಲ್ಲಕ್ಕಿಂತ ಮುಖ್ಯವಾಗಿ ನಿಮ್ಮ ತಂಡ ಅದನ್ನು ನೋಡಿ ಡೋಸ್ ಹಾಕುವುದಾಗಿ ಹೇಳಿದರೆ ಮಾಡಿಸಿ. ಫೈಲಿನಲ್ಲಿ ಕೂರುವ ರಿಪೋರ್ಟಿಗೆ ದುಡ್ಡು ಸುರಿಯುವುದಕ್ಕಿಂತ ಅದೇ ದುಡ್ಡಲ್ಲಿ ಊರಿಗೆ ಹೋದ ಮೇಲಿನ ಲೆವೆಲ್‌ಗಳನ್ನು ತಪ್ಪದೆ ಮಾಡಿಸುವುದು ಮೇಲು.

ಇಲ್ಲೊಂದು ಮಾತು. "ಮಗಳೇ ಕೊಡ್ತಿರೋದು, ಜೀನ್ ಒಂದೇ ಇರತ್ತಲ್ಲ?" ಎಂದು ಕೇಳುವವರು ಬಹಳ. ಮಗಳಿಗೆ ಅಪ್ಪನಿಂದ ಬರುವುದು ಎರಡರಲ್ಲಿ ಒಂದು ಪ್ರತಿ. ಅಪ್ಪನಲ್ಲಿ ಒಂದು ಸ್ಟಾರ್ 1, ಒಂದು ಸ್ಟಾರ್ 3 ಇದ್ದು, ಅಮ್ಮನಲ್ಲಿ ಎರಡೂ ಸ್ಟಾರ್ 3 ಇದ್ದರೆ ಮಗಳಲ್ಲಿ ಕಿಣ್ವ ಇರುವುದೂ ಇಲ್ಲದಿರುವುದೂ ನಾಣ್ಯ ಚಿಮ್ಮಿದ ಹಾಗೆ. ಗಂಡ-ಹೆಂಡತಿಯ ಜೀನಿಗೆ ಸಂಬಂಧವಿಲ್ಲ ಎಂದು ಪುಸ್ತಕದಲ್ಲಿ ಇರುತ್ತದೆ. ಸೋದರಮಾವನನ್ನೇ ಮದುವೆಯಾದ ಹೆಂಗಸು ಎದುರಿಗೆ ಕೂತಾಗ ಆ ಪುಸ್ತಕ ಮುಚ್ಚಿಡಬೇಕಾಗುತ್ತದೆ.

ಅಜಾಥಯೋಪ್ರಿನ್ ಬಂದರೆ ಲೆಕ್ಕವೇ ಬೇರೆ

ಟ್ಯಾಕ್ರೋ ಜೊತೆಗೆ ಇನ್ನೊಂದು ಔಷಧವಾಗಿ ಸಾಮಾನ್ಯವಾಗಿ ಕೊಡುವುದು ಮೈಕೋಫಿನೋಲೇಟ್. ಅದಕ್ಕೆ ಜೀನ್ ಟೆಸ್ಟ್ ಬೇಡ, ಬಿಡಿ. ಆದರೆ ಗರ್ಭದಲ್ಲಿರುವ ಮಗುವಿಗೆ ಅದು ಅಪಾಯಕಾರಿ, ಹಾಗಾಗಿ ಮಗು ಬೇಕೆನ್ನುವ ಹೆಣ್ಣುಮಕ್ಕಳಿಗೆ ಅಜಾಥಯೋಪ್ರಿನ್‌ಗೆ ಬದಲಿಸುತ್ತಾರೆ. ದೇಹ ತನ್ನ ಲಿವರಿನ ಮೇಲೇ ತಿರುಗಿಬೀಳುವ ಆಟೋಇಮ್ಯೂನ್ ಹೆಪಟೈಟಿಸ್ ಇದ್ದವರೂ ಇದನ್ನು ತಗೊಳ್ಳುತ್ತಾರೆ. ಜೀನ್ ಟೆಸ್ಟ್ ಮಾಡಿಸಿ ಎಂದು ನಾನು ಗಟ್ಟಿಯಾಗಿ ಹೇಳುವುದು ಇದೊಂದಕ್ಕೆ.

ಈ ಔಷಧ ಕೆಲವರಲ್ಲಿ ಮೂಳೆಮಜ್ಜೆಯನ್ನು ಒಣಗಿಸಿಬಿಡುತ್ತದೆ. ಬಿಳಿ ರಕ್ತಕಣ ಕೆಲವೇ ವಾರದಲ್ಲಿ ಕುಸಿಯುತ್ತದೆ, ಕೂದಲು ಮುಷ್ಟಿಮುಷ್ಟಿ ಕೈಗೆ ಬರುತ್ತದೆ. ಪಶ್ಚಿಮದ ದೇಶಗಳಲ್ಲಿ ಟಿಪಿಎಂಟಿ ಎಂಬ ಕಿಣ್ವದ ಜೀನ್ ನೋಡಿ ಇದನ್ನು ಮೊದಲೇ ಹಿಡಿಯುವ ರೂಢಿ ಇತ್ತು. ನಮ್ಮವರಲ್ಲಿ ಟಿಪಿಎಂಟಿ ಸರಿ ಇದ್ದೂ ಹೀಗಾಗುವುದಕ್ಕೆ ಉತ್ತರ ಸಿಕ್ಕಿದ್ದು 2014ರಲ್ಲಿ, ಕೊರಿಯಾದ ರೋಗಿಗಳಿಂದ: ಎನ್‌ಯುಡಿಟಿ15 ಎಂಬ ಇನ್ನೊಂದು ಜೀನ್. ಭಾರತದಲ್ಲಿ ಟಿಪಿಎಂಟಿ ದೋಷಕ್ಕಿಂತ ಇದರ ದೋಷವೇ ಹೆಚ್ಚು ಸಾಮಾನ್ಯ. 2018ರಲ್ಲಿ ಸಿಪಿಐಸಿ ಕೂಡ ಇದನ್ನು ಸೇರಿಸಿಕೊಂಡಿತು. ಒಂದು ಪ್ರತಿ ದೋಷ ಇದ್ದರೆ ಡೋಸ್ ಇಳಿಸಿ ಶುರುಮಾಡಬೇಕು. ಎರಡೂ ಇದ್ದರೆ ಬೇರೆ ಔಷಧ ಹುಡುಕುವುದೇ ವಾಸಿ.

ಲ್ಯಾಬಿಗೆ ಫೋನ್ ಮಾಡಿ "ಅಜಾಥಯೋಪ್ರಿನ್ ಟೆಸ್ಟ್ ಇದೆಯಾ" ಎಂದು ಕೇಳಿದರೆ ಇದೆ ಅನ್ನುತ್ತಾರೆ. "ಎನ್‌ಯುಡಿಟಿ15 ಅದರಲ್ಲಿ ಇದೆಯಾ" ಎಂದು ಕೇಳಿ. ಟಿಪಿಎಂಟಿ ಒಂದೇ ಇದ್ದರೆ ನಮ್ಮ ಜನಕ್ಕೆ ಅದು ಅರೆಬರೆ ಟೆಸ್ಟ್.

ಇಲ್ಲಿ ರಕ್ತ ಕೊಡಬೇಕಾದವರು ರೋಗಿ. ಲಿವರ್ ಯಾರದ್ದಾದರೂ ಆಗಿರಲಿ, ಮೂಳೆಮಜ್ಜೆ ಅವರದ್ದೇ; ಪೆಟ್ಟು ಬೀಳುವುದೂ ಅದಕ್ಕೇ. ಕಸಿಗೆ ಮುಂಚಿನ ರಿಪೋರ್ಟ್ ಇದ್ದರೆ ಅದೇ ನಡೆಯುತ್ತದೆ, ಮತ್ತೆ ಮಾಡಿಸಬೇಕಿಲ್ಲ.

ಐದನೇ ದಾರಿ: ಹತ್ತಾರು ಜೀನುಗಳ ದೊಡ್ಡ ಪ್ಯಾನೆಲ್

ಉಗುಳಿನ ಟ್ಯೂಬ್ ಮನೆಗೇ ಬರುತ್ತದೆ, ನಲವತ್ತು ಪುಟದ ರಿಪೋರ್ಟ್ ಮೊಬೈಲಿಗೆ ಬರುತ್ತದೆ. ಲಿವರ್ ಕಸಿಯವರು ಇದನ್ನು ಹೊಸದಾಗಿ ಮಾಡಿಸುವುದರಲ್ಲಿ ನನಗೆ ಹುರುಳು ಕಾಣುವುದಿಲ್ಲ. ಉಗುಳಿನಲ್ಲಿರುವುದು ರೋಗಿಯದೇ ಜೀವಕೋಶ. ರಕ್ತ ಕೊಟ್ಟರೂ ಅಷ್ಟೇ. ಹೊಸ ಲಿವರಿನ ಸುದ್ದಿ ಅದರಲ್ಲಿ ಬರುವುದಿಲ್ಲ.

ಆದರೆ ಹಳೆಯ ಪ್ಯಾನೆಲ್ ಇದ್ದರೆ ಎಸೆಯಬೇಡಿ. ಸಾಲುಸಾಲಾಗಿ ನೋಡಿ. ಸಿವೈಪಿ2ಸಿ19, ಸಿವೈಪಿ2ಸಿ9, ಸಿವೈಪಿ2ಡಿ6, ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಡೋಸಿಗೆ ನೋಡುವ ವಿಕೆಓಆರ್‌ಸಿ1, ಇವೆಲ್ಲ ಮುಖ್ಯವಾಗಿ ಲಿವರಿನೊಳಗಿನ ಕೆಲಸ. ಕಸಿಯ ದಿನದಿಂದ ಇವು ದಾನಿಯವು. ಟಿಬಿ ಔಷಧ ಐಸೋನಿಯಾಜಿಡ್ ಒಡೆಯುವ ಎನ್‌ಎಟಿ2 ಕೂಡ ಬಹುಪಾಲು ಹಾಗೇ. ಎನ್‌ಯುಡಿಟಿ15, ಕೆಂಪು ರಕ್ತಕಣದ ಜಿ6ಪಿಡಿ, ಫಿಟ್ಸ್ ಮಾತ್ರೆ ಕಾರ್ಬಮಜೆಪಿನ್ ಅಲರ್ಜಿಗೆ ನೋಡುವ ಎಚ್‌ಎಲ್‌ಎ-ಬಿ ಸಾಲುಗಳು ಮಾತ್ರ ಈಗಲೂ ನಿಮ್ಮವೇ.

ಆ ದಿನ ಓಪಿಡಿಯಲ್ಲಿ ನಾನು ಮಾಡಿದ್ದೂ ಅದನ್ನೇ. ಅವರ ರಿಪೋರ್ಟಿನ ಮೇಲೆ ಕೆಂಪು ಪೆನ್ನಿನಲ್ಲಿ 'ಕಸಿಗೆ ಮುಂಚಿನದು' ಎಂದು ಬರೆದು, ಲಿವರಿನ ಸಾಲುಗಳಿಗೆ ಗೀಟು ಎಳೆದೆ. ಸ್ಟೆಂಟ್ ಇರುವ ಮನುಷ್ಯ, ಮುಂದೆ ಕ್ಲೋಪಿಡೋಗ್ರೆಲ್ ಪ್ರಶ್ನೆ ಮತ್ತೆ ಬಂದೇ ಬರುತ್ತದೆ ಎಂದು ಡಾಕ್ಟರ್ ಹೆಂಡತಿಯ ರಕ್ತಕ್ಕೆ ಅದೊಂದು ಟೆಸ್ಟ್ ಬರೆದರು. ಹತ್ತು ದಿನಕ್ಕೆ ರಿಪೋರ್ಟ್ ಬಂತು, ಆ ಸಾಲು ಹಸಿರು. ಗಂಡನ ಫೈಲಿಗೆ ಪಿನ್ ಮಾಡಿ ಕಳಿಸಿದೆ. ರೆಕಾರ್ಡ್ ರೂಮಿನಿಂದ ಎರಡು ಸಲ ವಾಪಸ್ ಬಂತು: "ಹೆಸರು ಬೇರೆಯವರದ್ದಿದೆ ಸಾರ್, ತಪ್ಪು ಫೈಲಿಗೆ ಹಾಕಿದೀರ."